ಬಾಯಿಗೆ ದುಡ್ಡು ಹಾಕಿ: ಅಗ್ಗದ ಟೂಲ್ಸ್ ಜೊತೆ ನನ್ನ ಏಳು ವರ್ಷ

2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿಯಿತು. ಮನೆ ಉಳಿಯಿತು, ಪಕ್ಕದ ಶೆಡ್ ಹೋಯಿತು. ಅಪ್ಪ ನಲವತ್ತು ವರ್ಷ ಒಂದೊಂದಾಗಿ ಕೂಡಿಸಿದ್ದ ಸಾಮಾನೆಲ್ಲ ಅದರೊಳಗಿತ್ತು. ಕೆಸರು ತೆಗೆದಾಗ ಸಿಕ್ಕಿದ್ದು ಒಂದು ಹಾರೆ, ಒಂದು ಪೈಪ್ ರೆಂಚ್, ಹಿಡಿ ಮುರಿದ ಒಂದು ಕತ್ತಿ. ಅಷ್ಟೇ.

ನಮ್ಮ ತೋಟ ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೆ. ಮೂರೂವರೆ ಎಕರೆ ರೋಬಸ್ಟಾ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಇಷ್ಟು ಸಣ್ಣ ತೋಟದಲ್ಲಿ ಪ್ರತಿ ರಿಪೇರಿಗೂ ಜನ ಕರೆಸೋಕೆ ಆಗಲ್ಲ. ಪಂಪು, ಪೈಪು, ಗೇಟು, ಮಾಡಿನ ಶೀಟು, ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಆ ವರ್ಷ ಕೈಯಲ್ಲಿ ದುಡ್ಡಿರಲಿಲ್ಲ, ಕೆಲಸ ಮಾತ್ರ ರಾಶಿ ಬಿದ್ದಿತ್ತು. ಹಾಗಾಗಿ ಅಗ್ಗಕ್ಕೆ ಸಿಕ್ಕಿದ್ದನ್ನೆಲ್ಲ ಕೊಂಡೆ. ಆನ್‌ಲೈನ್ ಹಬ್ಬದ ಆಫರ್‌ನಲ್ಲಿ ಕೆಲವು, ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕೆಲವು, ಕುಶಾಲನಗರದ ಅಂಗಡಿಗಳಲ್ಲಿ ಕೆಲವು.

ಈ ಸಲ ಆಯುಧಪೂಜೆಗೆ ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ ಜಗಲಿಯಲ್ಲಿ ಸಾಲಾಗಿ ಇಟ್ಟೆ. ಏಳು ವರ್ಷದಲ್ಲಿ ಯಾವುದು ಉಳಿದಿದೆ, ಯಾವುದು ಗುಜರಿಗೆ ಹೋಯಿತು ಅಂತ ಆಗ ಸರಿಯಾಗಿ ಗೊತ್ತಾಯಿತು. ಅಗ್ಗದ್ದು ತಗೊಳ್ಳಬಹುದಾ ಅಂತ ತುಂಬಾ ಜನ ನನ್ನನ್ನು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟಿದ್ದು ಪಾನದ (ಸ್ಪ್ಯಾನರ್) ಸೆಟ್. 1,400 ರೂಪಾಯಿಗೆ 46 ಪೀಸು. ಕನ್ನಡಿಯಂಥ ಹೊಳಪು, ಒಂದೊಂದರ ಮೇಲೂ ಕ್ರೋಮ್ ವೆನೇಡಿಯಂ, ಅಂದರೆ ಗಟ್ಟಿ ಜಾತಿಯ ಉಕ್ಕು, ಅಂತ ಅಚ್ಚು. ಮರುವರ್ಷ ಮಾರ್ಚ್‌ನಲ್ಲಿ, ರೋಬಸ್ಟಾಗೆ ಹೂವಿನ ನೀರು ಕೊಡುವ ಹೊತ್ತಿಗೆ, ಪಂಪು ನೀರೆಳೆಯಲಿಲ್ಲ. ಪೈಪಿನ ಜಾಯಿಂಟ್ ಬಿಚ್ಚಬೇಕಿತ್ತು. ತುಕ್ಕು ಹಿಡಿದ 12 ಎಂಎಂ ಬೋಲ್ಟು. 19ರ ಪಾನ ಹಾಕಿ ಎಳೆದೆ. ನಟ್ಟು ಅಲುಗಲಿಲ್ಲ, ಪಾನದ ಬಾಯಿ ಅಗಲವಾಯಿತು. ಇನ್ನೊಂದು ಸಲ ಎಳೆದಾಗ ನಟ್ಟಿನ ಮೂಲೆಗಳು ಸವೆದು ಉರುಟಾದವು. ಒಮ್ಮೆ ಉರುಟಾದರೆ ಆಮೇಲೆ ಎಷ್ಟು ಒಳ್ಳೆಯ ಪಾನ ತಂದರೂ ಹಿಡಿಯುವುದಿಲ್ಲ. ಉಳಿ, ಸುತ್ತಿಗೆ ಹಿಡಿದು ನಟ್ಟನ್ನೇ ಒಡೆದು ತೆಗೆಯುವಷ್ಟರಲ್ಲಿ ಸಂಜೆಯಾಯಿತು.

ನಮ್ಮಲ್ಲಿ ಕೆರೆ ನೀರನ್ನು ಮೂರು ಮನೆಯವರು ಸರದಿ ಮೇಲೆ ಎಳೆಯುತ್ತೇವೆ. ನನ್ನ ಸರದಿಯಲ್ಲಿ ಒಂದು ದಿನ ಹಾಗೇ ಹೋಯಿತು. ಮೊಗ್ಗು ನೀರಿಗೆ ಕಾದು ನಿಂತಿರುವಾಗ ಒಂದು ದಿನ ಅಂದರೆ ಸಣ್ಣ ಮಾತಲ್ಲ. ಆ ಸೆಟ್ಟಿನ ಬೆಲೆಯನ್ನು 1,400 ಅಂತ ಹೇಗೆ ಹೇಳಲಿ?

ಆಮೇಲೆ ಸೆಟ್ ಕೊಳ್ಳುವುದನ್ನೇ ಬಿಟ್ಟೆ. ತಪಾರಿಯಾ ಕಂಪನಿಯ ಬಿಡಿ ಪಾನಗಳನ್ನು ಒಂದೊಂದಾಗಿ ತಂದೆ. ತೋಟದಲ್ಲಿ ನಮಗೆ ಬೇಕಾಗುವ ಅಳತೆ ಕಡಿಮೆ. 6 ಎಂಎಂ ಬೋಲ್ಟಿಗೆ 10ರ ಪಾನ, 8ಕ್ಕೆ 13, 10ಕ್ಕೆ 17, 12ಕ್ಕೆ 19. ಅಂದರೆ 10-11, 12-13, 16-17, 18-19, ಈ ನಾಲ್ಕಿದ್ದರೆ ಹೆಚ್ಚಿನ ಕೆಲಸ ಮುಗಿಯುತ್ತದೆ. ನಾಲ್ಕೂ ಸೇರಿ ಆ 46 ಪೀಸಿನ ಸೆಟ್ಟಿಗಿಂತ ಕಡಿಮೆ ದುಡ್ಡಾಯಿತು. ಸೆಟ್ಟಿನಲ್ಲಿ ಉಳಿದ ಮೂವತ್ತು ಚಿಲ್ಲರೆ ಪೀಸನ್ನು ನಾನು ಇವತ್ತಿಗೂ ಮುಟ್ಟಿಲ್ಲ.

ಈಗ ಕಬ್ಬಿಣ ಕತ್ತರಿಸುವ ಗ್ರೈಂಡರ್ ವಿಷಯ. ಇದು ಬೇರೆ ಥರ. 4 ಇಂಚಿನದು, 1,300 ರೂಪಾಯಿ, ಯಾರೂ ಕೇಳಿರದ ಹೆಸರು. ಏಳು ವರ್ಷದಿಂದ ಓಡುತ್ತಿದೆ. ಕಾರ್ಬನ್ ಬ್ರಷ್ ಎರಡು ಸಲ, ಬೇರಿಂಗ್ ಒಂದು ಸಲ ಬದಲಾಯಿಸಿದ್ದೇನೆ. ಗೇರ್ ಬಾಕ್ಸಿನಲ್ಲಿ ಹೊಸದರಲ್ಲೇ ಗ್ರೀಸ್ ಇರಲಿಲ್ಲ, ಬಿಚ್ಚಿ ತುಂಬಿದೆ. ಶೆಡ್ ಮತ್ತೆ ಕಟ್ಟಿದಾಗ ಕಬ್ಬಿಣವನ್ನೆಲ್ಲ ಅದರಲ್ಲೇ ಕತ್ತರಿಸಿದ್ದು. ದಿನಾ ಎಂಟು ಗಂಟೆ ಓಡಿಸುವ ವೆಲ್ಡಿಂಗ್ ಅಂಗಡಿಯವರಿಗೆ ಇದು ಆಗಲ್ಲ. ವಾರಕ್ಕೆ ಒಂದೆರಡು ಗಂಟೆ ಕೆಲಸ ಇರುವ ನನ್ನಂಥವರಿಗೆ ಧಾರಾಳ ಸಾಕು.

ಆದರೆ ಅದರ ಜೊತೆ ಪುಕ್ಕಟೆ ಬಂದಿದ್ದ ಡಿಸ್ಕು ನನ್ನ ಜೀವ ತೆಗೆಯುವುದರಲ್ಲಿತ್ತು. ಜಿಐ ಪೈಪ್ ಕತ್ತರಿಸುವಾಗ ಎರಡು ಹೋಳಾಗಿ ಸಿಡಿಯಿತು. ಒಂದು ತುಂಡು ಗಾರ್ಡಿಗೆ ಬಡಿದು ಕೆಳಗೆ ಬಿತ್ತು, ಇನ್ನೊಂದು ತಗಡಿನ ಗೋಡೆಯಲ್ಲಿ ತೂತು ಮಾಡಿ ಆಚೆ ಹೋಯಿತು. ನನ್ನ ಹೆಂಡತಿ ಆ ಗೋಡೆಯ ಆಚೆ ಮೆಣಸು ಆರಿಸುತ್ತಾ ಕೂತಿರುತ್ತಾಳೆ. ಅವತ್ತು ಇರಲಿಲ್ಲ. ಆ ತೂತನ್ನು ನಾನು ಮುಚ್ಚಿಲ್ಲ.

ಲೆಕ್ಕ ಹಾಕಿ ನೋಡಿ. ಈ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. 100 ಎಂಎಂ ಡಿಸ್ಕಿನ ಅಂಚು ಆಗ ಗಂಟೆಗೆ 200 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಅಂಟು ಮತ್ತು ಒಳಗಿನ ನೂಲಿನ ಬಲೆ. ಆ ಅಂಟಿಗೆ ತೇವ ಆಗಲ್ಲ. ನಮ್ಮ ಜೂನ್, ಜುಲೈ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೂ ಬೂಷ್ಟು ಬರುತ್ತದೆ. ಒಳ್ಳೆಯ ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ತಯಾರಾಗಿ ಮೂರು ವರ್ಷ. ಅದನ್ನು ಓದಿಯೇ ಕೊಳ್ಳಿ. ಡಿಸ್ಕಿನ ಮೇಲೆ ಬರೆದ ಗರಿಷ್ಠ ಸುತ್ತು ಗ್ರೈಂಡರಿನ ಸುತ್ತಿಗಿಂತ ಜಾಸ್ತಿ ಇರಬೇಕು. ನಾನು ಡಿಸ್ಕುಗಳನ್ನು ಬಿಗಿ ಮುಚ್ಚಳದ ಬಿಸ್ಕತ್ ಡಬ್ಬಿಯಲ್ಲಿ, ಅಡುಗೆಮನೆಯ ಒಣ ಮೂಲೆಯಲ್ಲಿ ಇಡುತ್ತೇನೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಾರ್ಡ್ ಬಿಚ್ಚಿ ದೊಡ್ಡ ಡಿಸ್ಕ್ ಹಾಕುವುದು, ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಮೆಣಸಿನ ಮರದ ಕೊಂಬೆ ಕಡಿಯುವುದು, ಇದನ್ನು ನಮ್ಮ ಕಡೆ ತುಂಬಾ ಕಡೆ ನೋಡುತ್ತೇನೆ. ದಯವಿಟ್ಟು ಮಾಡಬೇಡಿ. ಹಲ್ಲು ಮರದಲ್ಲಿ ಕಚ್ಚಿಕೊಂಡರೆ ಮೆಷಿನ್ ಕೈಯಿಂದ ಹಾರಿ ನಿಮ್ಮ ಕಡೆಗೇ ಬರುತ್ತದೆ.

ಇದನ್ನೆಲ್ಲ ಒಟ್ಟು ಸೇರಿಸಿ ನನಗೆ ಅರ್ಥ ಮಾಡಿಸಿದವರು ನಮ್ಮ ಕುಲುಮೆಯ ಆಚಾರಿ. ಸಂತೆಯಲ್ಲಿ 250 ರೂಪಾಯಿಗೆ ತಂದ ಕತ್ತಿಯನ್ನು ಹದ ಮಾಡಿಸಲು ಅವರ ಹತ್ತಿರ ಹೋಗಿದ್ದೆ. ಒಂದು ವಾರ ಗಿಡಗಂಟಿ ಸವರಿದ್ದಕ್ಕೇ ಅದರ ಬಾಯಿ ಮಡಚಿಕೊಂಡಿತ್ತು. ಅವರು ಉಗುರಿನಿಂದ ಬಾಯಿಯನ್ನು ಸವರಿ ನೋಡಿ, "ಇದರಲ್ಲಿ ಉಕ್ಕಿಲ್ಲ ಮಗ, ನಾನು ಎಷ್ಟು ನೀರು ಕುಡಿಸಿದರೂ ಹದ ನಿಲ್ಲಲ್ಲ. ಹಿಡಿ ಹೇಗಾದರೂ ಇರಲಿ, ಸಾಮಾನಿನ ಬಾಯಿ ನೋಡಿ ತಗೋ" ಅಂದರು. ಹಳೇ ಜೀಪಿನ ಸ್ಪ್ರಿಂಗ್ ಪ್ಲೇಟ್ ಕಾಯಿಸಿ, ಬಡಿದು ಒಂದು ಕತ್ತಿ ಮಾಡಿಕೊಟ್ಟರು. 600 ರೂಪಾಯಿ. ವಾರಕ್ಕೊಮ್ಮೆ ಅರ ಹಾಕಿದರೆ ಸಾಕು, ಇನ್ನೂ ಹೊಸದರ ಹಾಗಿದೆ. ಕೆಸರಿನಲ್ಲಿ ಸಿಕ್ಕ ಅಪ್ಪನ ಕತ್ತಿಗೂ ಅವರೇ ಹಿಡಿ ಹಾಕಿಕೊಟ್ಟರು. ನನ್ನ ಶೆಡ್ಡಿನಲ್ಲಿ ಅತಿ ಒಳ್ಳೆಯ ಸಾಮಾನು ಅಂದರೆ ಅವೆರಡೇ. ಎರಡೂ ಡಬ್ಬಿಯಲ್ಲಿ ಬಂದಿದ್ದಲ್ಲ.

ಅವತ್ತಿನಿಂದ ಏನೇ ಕೊಳ್ಳುವಾಗಲೂ ಇದರ ಬಾಯಿ ಯಾವುದು ಅಂತ ಕೇಳಿಕೊಳ್ಳುತ್ತೇನೆ. ಗ್ರೈಂಡರಿಗೆ ಡಿಸ್ಕು, ಡ್ರಿಲ್ಲಿಗೆ ಬಿಟ್ಟು, ಗಿಡ ಸವರುವ ಕಪಾತು ಕತ್ತರಿಗೆ ಅಲಗು, ಪಾನಕ್ಕೆ ಅದರ ಬಾಯೇ. ಕೆಲಸವನ್ನು ಮುಟ್ಟುವ ಜಾಗ ಅದು. ದುಡ್ಡು ಅಲ್ಲಿಗೆ ಹೋಗಬೇಕು. ಡ್ರಿಲ್ ಅಗ್ಗದ್ದೇ ಇದೆ, ಬಿಟ್ ಮಾತ್ರ ಒಳ್ಳೆಯದು ತರುತ್ತೇನೆ. ಸುತ್ತಿಗೆ, ಟೇಪು, ಕ್ಲಾಂಪು, ಬಕೆಟ್ಟು ಇವೆಲ್ಲ ಅಗ್ಗದ್ದಾದರೂ ನಡೆಯುತ್ತದೆ. ಸುತ್ತಿಗೆಯ ತಲೆ ಹಿಡಿಗೆ ಬಿಗಿಯಾಗಿದೆಯಾ ಅಂತ ನೋಡಿಕೊಂಡರೆ ಆಯಿತು.

ಕಳೆ ಕೊಚ್ಚುವ ಮೆಷಿನ್ ನಾನು ಅಗ್ಗದ್ದೇ ತಂದಿದ್ದು, 52 ಸಿಸಿಯದು, 7,500 ರೂಪಾಯಿಗೆ. ಮೊದಲ ವರ್ಷವೇ ಸ್ಟಾರ್ಟರ್ ಹಗ್ಗ ತುಂಡಾಯಿತು, ಎರಡನೇ ವರ್ಷ ಕಾರ್ಬ್ಯುರೇಟರಿನ ಒಳಗಿನ ಪದರ ಗಟ್ಟಿಯಾಗಿ ಸ್ಟಾರ್ಟೇ ಆಗಲಿಲ್ಲ. ಆದರೂ ಇದನ್ನು ತಪ್ಪು ಅನ್ನಲಾರೆ. ಈ ಥರದ ಮೆಷಿನ್‌ಗಳೆಲ್ಲ ಹೆಸರು ಬೇರೆಯಾದರೂ ಒಳಗೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಸ್ಪೇರ್ ಗೋಣಿಕೊಪ್ಪದಲ್ಲೂ ಸಿಗುತ್ತದೆ, ಕುಶಾಲನಗರದಲ್ಲೂ ಸಿಗುತ್ತದೆ, ನಾನೇ ಹಾಕಿಕೊಳ್ಳುತ್ತೇನೆ. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಲೆಕ್ಕ ತಪ್ಪಿಸಬಾರದು. ನನ್ನದಕ್ಕೆ 1:25, ಅಂದರೆ ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ನಿಲ್ಲುವ ತನಕ ಓಡಿಸಿಯೇ ಎತ್ತಿಡುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಒಂದೇ ಕೊರತೆ ಅಂದರೆ ನಡುಕ. ಎರಡು ಗಂಟೆ ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ. ಹತ್ತು, ಇಪ್ಪತ್ತು ಎಕರೆಯವರು, ಅದರಲ್ಲೂ ಬೇರೆಯವರ ಕೈಯಲ್ಲಿ ದಿನವಿಡೀ ಮೆಷಿನ್ ಹಿಡಿಸುವವರು, ದಯವಿಟ್ಟು ಇದನ್ನು ತರಬೇಡಿ. ಅವರ ಕೈಯೂ ಕೈಯೇ ಅಲ್ವಾ?

ಬ್ಯಾಟರಿ ಸಾಮಾನಿನಲ್ಲಿ ನಾನು ಪೂರ್ತಿ ಮೋಸ ಹೋದೆ. ಕೈಯಲ್ಲಿ ಹಿಡಿಯುವ ಪುಟ್ಟ ಚೈನ್ ಗರಗಸ, ಮೇಲೆ 48 ವೋಲ್ಟ್ ಅಂತ ಬರೆದಿತ್ತು. ಎರಡನೇ ಮಳೆಗಾಲಕ್ಕೆ ಬ್ಯಾಟರಿ ಸತ್ತಿತು. ಬಿಚ್ಚಿ ನೋಡಿದರೆ ಒಳಗೆ ಸಾಲಾಗಿ ಐದೇ ಸೆಲ್ಲು. ಒಂದು ಲಿಥಿಯಂ ಸೆಲ್ ಅಂದರೆ 3.6 ವೋಲ್ಟ್. ಐದು ಸೇರಿದರೆ 18. ಪೂರ್ತಿ ಚಾರ್ಜ್ ಆದಾಗಲೂ 21 ದಾಟುವುದಿಲ್ಲ. 48 ಎಲ್ಲಿಂದ ಬಂತು? ಒಳ್ಳೆಯ ಕಂಪನಿಯವು 18 ಅಂತಲೋ, 20 ಅಂತಲೋ ಬರೆಯುತ್ತವೆ, ಎರಡೂ ಇದೇ ಐದು ಸೆಲ್ಲಿನ ಲೆಕ್ಕವೇ. ಅಗ್ಗದ ಬ್ಯಾಟರಿ ಸಾಮಾನಿಗೆ ನಾಲ್ಕು ವರ್ಷ ಬಿಟ್ಟು ಅದೇ ಬ್ಯಾಟರಿ ಸಿಗುತ್ತದೆ ಅಂತ ನಂಬಿಕೆ ಇಲ್ಲ. ಬ್ಯಾಟರಿ ಇಲ್ಲದಿದ್ದರೆ ಉಳಿದದ್ದು ಪ್ಲಾಸ್ಟಿಕ್. ವೈರಿನದ್ದೇ ತಗೊಳ್ಳಿ.

ವೈರು ಅಂದಾಗ ನೆನಪಾಯಿತು. ಗ್ರೈಂಡರ್ ಬಿಸಿಯಾಗಿ ವಾಸನೆ ಬರುತ್ತಿದ್ದಾಗ ಅಗ್ಗದ ಸಾಮಾನಿನ ಹಣೆಬರಹ ಅಂದುಕೊಂಡಿದ್ದೆ. ತಪ್ಪು ಅದರದಲ್ಲ. ನಮ್ಮ ಕಡೆ ಸಂಜೆ ಮನೆಯಲ್ಲೇ 180 ವೋಲ್ಟ್ ಬರುವುದುಂಟು. ಅಲ್ಲಿಂದ ಶೆಡ್ಡಿಗೆ 80 ಮೀಟರ್ ತೆಳು ವೈರ್ ಎಳೆದಿದ್ದೆ. ಮೋಟರ್ ನಿಧಾನವಾದರೆ ಅದರ ಫ್ಯಾನೂ ನಿಧಾನ, ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. 2.5 ಚದರ ಎಂಎಂ ತಾಮ್ರದ ವೈರ್, ಐಎಸ್‌ಐ ಗುರುತಿನದು ಹಾಕಿದ ಮೇಲೆ, ಮತ್ತು ಸಂಜೆ ಬಿಟ್ಟು ಬೆಳಿಗ್ಗೆ ಕೆಲಸ ಮಾಡಲು ಶುರು ಮಾಡಿದ ಮೇಲೆ ಆ ವಾಸನೆ ಬಂದಿಲ್ಲ. ಶೆಡ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಕೂಡ ಹಾಕಿಸಿದೆ. ಒದ್ದೆ ನೆಲದಲ್ಲಿ ನಿಂತು ಕರೆಂಟಿನ ಸಾಮಾನು ಹಿಡಿಯುವವರು ನಾವು. ಇಲ್ಲಿ ಉಳಿತಾಯ ಬೇಡ.

ಏಣಿಯದ್ದೂ ಹೀಗೇ. ಹಗುರ, ಅಗ್ಗ ಅಂತ ಅಲ್ಯೂಮಿನಿಯಂ ಏಣಿ ತಂದು, ಮೆಣಸು ಕೊಯ್ಯುವಾಗ ಅದು ಮೇಲಿನ ಲೈನಿಗೆ ತಾಗಿ ಜೀವ ಹೋದದ್ದು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಸಲ ಆಗಿದೆ. ಲೈನ್ ಹಾದುಹೋಗುವ ಕಡೆ ನಾನು ಬಿದಿರಿನ ಏಣಿಯನ್ನೇ ಇಡುತ್ತೇನೆ, ಅದೂ ಒಣಗಿದ್ದು.

ದೊಡ್ಡ ಚೈನ್‌ಸಾ ಮಾತ್ರ ಇನ್ನೂ ಕೊಂಡಿಲ್ಲ. 6,000 ರೂಪಾಯಿಗೆ ಸಿಗುತ್ತದೆ, ಒಂದು ಸಲ ಅಂಗಡಿಯಲ್ಲಿ ಕೈಗೂ ತಗೊಂಡಿದ್ದೆ. ಓಡುತ್ತಿರುವಾಗ ಮುಂದಿನ ಗಾರ್ಡನ್ನು ತಳ್ಳಿದರೆ ಚೈನ್ ತಕ್ಷಣ ನಿಲ್ಲಬೇಕು. ಆ ಮೆಷಿನ್ನಿನಲ್ಲಿ ನಿಲ್ಲಲಿಲ್ಲ, ಎಳೆದುಕೊಂಡೇ ಹೋಯಿತು. ಬಾಯಿಯಷ್ಟೇ ಒಳ್ಳೆಯದು ತಂದರೆ ಸಾಕು ಅನ್ನುವ ನನ್ನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಇದರಲ್ಲಿ ಬಾಯಿ ಹಿಡಿದು ನಿಲ್ಲಿಸುವುದು ಮೆಷಿನ್ನೇ. ವಾಪಸ್ ಇಟ್ಟು ಬಂದೆ. ಈ ಸಲವೂ ಮರಗಸಿಗೆ, ಅಂದರೆ ನೆರಳು ಮರಗಳ ಕೊಂಬೆ ಕಡಿಯಲು, ಒಳ್ಳೆಯ ಮೆಷಿನ್ ಇಟ್ಟುಕೊಂಡಿರುವ ಪಕ್ಕದೂರಿನ ಅಣ್ಣನನ್ನೇ ಕರೆದಿದ್ದೇನೆ. ಮೆಣಸಿನ ದುಡ್ಡು ಬಂದ ಮೇಲೆ ಸ್ಟಿಲ್ ಕಂಪನಿಯದು ಒಂದು ತರಬೇಕು ಅಂತ ಮನೆಯಲ್ಲಿ ಮಾತಾಗಿದೆ.