ಬೆಳಿಗ್ಗೆ ಬೇಗ ಸ್ಟಾರ್ಟ್ ಆಗದ ಹಳೇ ಡೀಸೆಲ್ ಕಾರು: ದೋಷ ಸಿಕ್ಕಿದ್ದು ಫಿಲ್ಟರಿನಲ್ಲಿ

ಎರಡು ಲಕ್ಷ ಕಿ.ಮೀ. ದಾಟಿದ ಕಾಮನ್ ರೈಲ್ ಎಂಜಿನ್ (ಪಂಪು ‘ರೈಲ್’ ಎಂಬ ಒಂದೇ ಕೊಳವೆಗೆ ಭಾರಿ ಒತ್ತಡದಲ್ಲಿ ಡೀಸೆಲ್ ತುಂಬುತ್ತದೆ, ಅಲ್ಲಿಂದ ಅದು ಸಿಲಿಂಡರಿಗೆ ಸಿಂಪಡಿಸುವ ಇಂಜೆಕ್ಟರುಗಳಿಗೆ ಹೋಗುತ್ತದೆ). ರಾತ್ರಿ ನಿಂತರೆ ಬೆಳಿಗ್ಗೆ ಉದ್ದಕ್ಕೆ ಸೆಲ್ಫ್ ಹೊಡೆಯಬೇಕು. ಬಿಸಿಯಾದ ಮೇಲೆ ತಕರಾರಿಲ್ಲ. ಬ್ಯಾಟರಿ 12.5 ವೋಲ್ಟ್ ಇತ್ತು, ಅಂದರೆ ಸರಿಯಿತ್ತು. ದಾವಣಗೆರೆಯ ಬೆಚ್ಚನೆ ಹವೆಗೆ ಗ್ಲೋ ಪ್ಲಗ್ (ತಣ್ಣಗಿರುವ ಸಿಲಿಂಡರನ್ನು ಬಿಸಿ ಮಾಡುವ ಪ್ಲಗ್) ಮೇಲೆ ಮೊದಲ ಅನುಮಾನ ಬೇಡ.

ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಪಾರದರ್ಶಕ ಡೀಸೆಲ್ ಪೈಪು ಹಾಕಿದಾಗ ಗುಳ್ಳೆ ಕಂಡವು. ಗಾಳಿ ಹೊಕ್ಕರೆ ಡೀಸೆಲ್ ಟ್ಯಾಂಕಿನತ್ತ ಹಿಂದೆ ಸರಿಯುತ್ತದೆ, ರೈಲಿನಲ್ಲಿ ಒತ್ತಡ ಬೇಗ ಏರುವುದಿಲ್ಲ. ಫಿಲ್ಟರಿನ ನೀರು ಬಿಡುವ ತಿರುಪಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಗಟ್ಟಿಯಾಗಿ ಸೀಳಿತ್ತು. ಹೊಸ ಓ-ರಿಂಗ್, ಫಿಲ್ಟರ್, ಎರಡು ಕ್ಲಿಪ್ ಹಾಕಿ, ಕೈಪಂಪು ಬಿಗಿಯಾಗುವವರೆಗೆ ಒತ್ತಿ ಗಾಳಿ ತೆಗೆದೆ. ಮರುದಿನ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು.

ಗುಳ್ಳೆ ಕಾಣದಿದ್ದರೆ ಇಂಜೆಕ್ಟರುಗಳ ರಿಟರ್ನ್ (ಸಿಂಪಡಣೆಯಾಗದೆ ಮರಳಿ ಬರುವ ಡೀಸೆಲ್) ಅಳೆಯಿರಿ: ಒಂದೊಂದಕ್ಕೂ ಬಾಟಲಿ ಕಟ್ಟಿ ಎರಡು ನಿಮಿಷ ಐಡಲಿನಲ್ಲಿ ಬಿಡಿ. ಉಳಿದವಕ್ಕಿಂತ ದುಪ್ಪಟ್ಟು ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ಎಂಜಿನ್ ಓಡುವಾಗ ರೈಲಿನ ಉಕ್ಕಿನ ಪೈಪುಗಳ ನಟ್ ಮಾತ್ರ ಸಡಿಲಿಸಲೇಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.