ಅಡಿಕೆ ಲೆಕ್ಕದ ಪುಸ್ತಕಕ್ಕೆ ಬಂದ ನನ್ನ ಗೇಮ್‌ಗಳು

ಈ ಸಲ ಪುಷ್ಯ ಮಳೆ ಮುಗಿದ ಮೇಲೆ ಹಳೇ ವಿಡಿಯೊ ಗೇಮ್ ತುಂಬಿಟ್ಟ ಹದಿನಾಲ್ಕು ಡಬ್ಬಗಳನ್ನೂ ಒಂದೊಂದಾಗಿ ಇಳಿಸಿ ನೋಡಿದೆ. ಒಂದೇ ಒಂದು ಕವರಿನ ಮೇಲೂ ಬೂಷ್ಟಿಲ್ಲ. ಹತ್ತಿರ ಹತ್ತಿರ 340 ಗೇಮ್. ಲೆಕ್ಕದ ಪುಸ್ತಕಕ್ಕೂ ಡಬ್ಬಕ್ಕೂ ತಾಳೆಯಾಗದ್ದು ಎರಡೇ. ಒಂದು ಪಿಎಸ್‌ಟು, ಅಂದರೆ ಪ್ಲೇಸ್ಟೇಷನ್ 2 ಯಂತ್ರದ ಒಳಗೇ ಇತ್ತು, ಇನ್ನೊಂದು ಭಾವನ ಮಗನ ಹತ್ತಿರ. ಸಂಜೆಯೊಳಗೆ ಎರಡೂ ಸಿಕ್ಕಿದವು. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯಲ್ಲಿ, ಮೇಗರವಳ್ಳಿ ಕಡೆಯ ನಮ್ಮಂಥ ಮನೆಯಲ್ಲಿ ಗೇಮ್‌ಗಳನ್ನು ಬೂಷ್ಟು ಹಿಡಿಯದ ಹಾಗೆ, ಲೆಕ್ಕ ತಪ್ಪದ ಹಾಗೆ ಇಡುವುದು ಆಗುವ ಕೆಲಸವಲ್ಲ ಅಂತ ಬೆಂಗಳೂರಿನ ಗೆಳೆಯರು ಖಂಡಿತವಾಗಿ ಹೇಳಿದ್ದರು. ಶಿವಮೊಗ್ಗದಲ್ಲಿ ನನಗೆ ಹಳೇ ಕ್ಯಾಸೆಟ್ ಹುಡುಕಿಕೊಡುವವರೂ ಅದನ್ನೇ ಹೇಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡದ್ದರ ಲೆಕ್ಕ. ಶುರುವಿನಲ್ಲಿ ಒಂಬತ್ತು-ಒಂಬತ್ತೂವರೆ ಸಾವಿರ ಕೊಟ್ಟು ಸ್ಟೀಲ್ ಬೀರು ತಂದೆ. ಒಂದೊಂದು ಕನ್ಸೋಲ್‌ಗೆ, ಅಂದರೆ ಆಟದ ಯಂತ್ರಕ್ಕೆ, ಒಂದೊಂದು ಅರೆ, ಅದರೊಳಗೆ ಅಕ್ಷರದ ಪ್ರಕಾರ ಸಾಲು. ನೋಡಲು ಬಹಳ ಚೆಂದ. ಆದರೆ ಬೀರು ನಿಂತಿದ್ದು ಹೊರಗಿನ ಜಂಬಿಟ್ಟಿಗೆ ಗೋಡೆಗೆ ಒತ್ತಿಕೊಂಡು. 2019ರ ಆಗಸ್ಟಿನ ಮಳೆ ನೆನಪಿದೆಯಲ್ಲ, ಆ ಹದಿನೈದು ದಿನ ಬಾಗಿಲು ತೆಗೆದಿರಲಿಲ್ಲ. ತೆಗೆದಾಗ ಹಿಂದಿನ ತಗಡಿನ ಮೇಲೆ ನೀರಿನ ಹನಿ ಸಾಲುಗಟ್ಟಿತ್ತು. ಪಿಎಸ್‌ಒನ್ ಡಿಸ್ಕ್‌ಗಳ ಕಪ್ಪು ಅಡಿಭಾಗ ಗೊತ್ತಲ್ಲ, ಟಾರ್ಚ್ ಹಿಡಿದು ಓರೆ ಮಾಡಿದರೆ ಅದರ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಎಳೆಗಳು, ಮಧ್ಯದ ತೂತಿನಿಂದ ಹೊರಗೆ ಬೇರು ಬಿಟ್ಟಂತೆ ಹಬ್ಬಿದ್ದವು. ಡಿಸ್ಕ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ ಹೆಚ್ಚಿನವನ್ನು ಉಳಿಸಿಕೊಂಡೆ. ಕವರಿನ ಕಾಗದ, ಮ್ಯಾನ್ಯುಯಲ್ ಹೋದದ್ದು ಹೋಯಿತು. ಮೂವತ್ತಕ್ಕಿಂತ ಹೆಚ್ಚು ಮ್ಯಾನ್ಯುಯಲ್ ಒಲೆಗೆ ಹಾಕಿದೆ. ಆ ರಾತ್ರಿ ಊಟ ಸೇರಲಿಲ್ಲ.

ಎರಡನೇ ನಷ್ಟ ಲೆಕ್ಕದ್ದು. ಫೋನಿನಲ್ಲಿ ಬಾರ್‌ಕೋಡ್ ಓದಿ ಪಟ್ಟಿ ಮಾಡುವ ಆ್ಯಪ್ ಹಾಕಿಕೊಂಡು ವರ್ಷಕ್ಕೆ ಸಾವಿರದೈನೂರರಷ್ಟು ಕಟ್ಟಿದೆ. ನಮ್ಮ ಟಿವಿ ಗೇಮ್ ಕ್ಯಾಸೆಟ್‌ಗೆ ಬಾರ್‌ಕೋಡ್ ಎಲ್ಲಿಂದ ಬರಬೇಕು? ಬರಿಯ ಡಿಸ್ಕ್, ಕವರಿಲ್ಲದ್ದು, ಅದಕ್ಕೂ ಇಲ್ಲ. ಕರೆಂಟು ಹೋದರೆ ನೆಟ್‌ವರ್ಕೂ ಹೋಗುವ ಊರಿನಲ್ಲಿ ಪಟ್ಟಿ ನೋಡಬೇಕಾದರೆ ಗುಡ್ಡ ಹತ್ತಬೇಕು. ಅಂಗಡಿಯಲ್ಲಿ ನಿಂತು ‘ಇದು ನನ್ನ ಹತ್ತಿರ ಇದೆಯೋ ಇಲ್ಲವೋ’ ಅಂತ ಗೊತ್ತಾಗದೆ ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಆಟದ ಪಿಎಸ್‌ಟು ಡಿಸ್ಕನ್ನು ಮೂರು ಸಲ ಕೊಂಡೆ. ಪಟ್ಟಿಯಲ್ಲಿ ಒಂದು ಕಡೆ ಜಿಟಿಎ ಎಸ್‌ಎ ಅಂತ, ಇನ್ನೊಂದು ಕಡೆ ಪೂರ್ತಿ ಹೆಸರು. ಮೂರೂ ಸೇರಿ ಎರಡು ಸಾವಿರ ದಾಟಿತು.

ದಾರಿ ಸಿಕ್ಕಿದ್ದು ಅಡಿಕೆ ಲೆಕ್ಕದಿಂದ. ಅಪ್ಪನ ಪುಸ್ತಕದಲ್ಲಿ ಅಡಿಕೆ ಯಾವತ್ತೂ ಅಕ್ಷರಮಾಲೆಯ ಪ್ರಕಾರ ಇರಲಿಲ್ಲ. ಬಂದ ದಿನ, ಚೀಲದ ನಂಬರು, ದರ್ಜೆ, ಎಲ್ಲಿಟ್ಟಿದೆ, ಅಷ್ಟೇ. ನಾನೂ ಹಾಗೇ ಮಾಡಿದೆ. ಗೇಮ್ ಮನೆಗೆ ಬಂದ ಕ್ರಮದಲ್ಲೇ ನಂಬರು, ಆ ನಂಬರಿನ ಕ್ರಮದಲ್ಲೇ ಡಬ್ಬಕ್ಕೆ. ಒಂದೇ ಡಬ್ಬದಲ್ಲಿ ಪಿಎಸ್‌ಟು, ಗೇಮ್‌ಬಾಯ್, ಪಿಸಿ ಸಿಡಿ ಎಲ್ಲಾ ಕಲಸುಮೇಲೋಗರ. ಇದನ್ನು ಕೇಳಿಯೇ ಗೆಳೆಯರು ತಲೆ ಚಚ್ಚಿಕೊಂಡರು. ಆದರೆ ಅಕ್ಷರದ ಸಾಲಿನಲ್ಲಿ ಹೊಸದೊಂದು ಬಂದರೆ ನಲವತ್ತನ್ನು ಸರಿಸಬೇಕು. ಇದರಲ್ಲಿ ಕೊನೆಯ ಡಬ್ಬದ ಮುಚ್ಚಳ ಮಾತ್ರ ತೆಗೆದರೆ ಸಾಕು. ಹಳೇ ಡಬ್ಬಗಳು ಮಳೆಗಾಲದಲ್ಲಿ ಹೆಚ್ಚಾಗಿ ಮುಚ್ಚಿಯೇ ಇರುತ್ತವೆ, ತೇವ ಒಳಗೆ ಹೋಗುವುದು ತೀರಾ ಕಡಿಮೆ. ಅಕ್ಷರದ ಪ್ರಕಾರ ಬೇಕಾದರೆ ಎಕ್ಸೆಲ್ ಇದೆ, ಒಂದು ಒತ್ತಿಗೆ ಜೋಡಿಸಿಕೊಡುತ್ತದೆ. ತಿಂಗಳಿಗೊಮ್ಮೆ ಪುಸ್ತಕದಿಂದ ಎಕ್ಸೆಲ್‌ಗೆ ಏರಿಸುತ್ತೇನೆ, ಅದರ ಪ್ರಿಂಟು ಪರ್ಸಿನಲ್ಲಿ.

ದರ್ಜೆಯೂ ಅಡಿಕೆಯದ್ದೇ. ಗೇಮಿನ ಸ್ವಂತ ಡಬ್ಬಿ, ಮ್ಯಾನ್ಯುಯಲ್, ಗೀರಿಲ್ಲದ ಡಿಸ್ಕ್ ಮೂರೂ ಇದ್ದರೆ ಸರಕು. ಮ್ಯಾನ್ಯುಯಲ್ ಇಲ್ಲದಿದ್ದರೆ ಬೆಟ್ಟೆ. ಗೀರಿದ್ದೂ ಓಡಿದರೆ ರಾಶಿ. ಓಡದಿದ್ದರೆ, ಕ್ಯಾಸೆಟ್ ಒಡೆದಿದ್ದರೆ ಗೊರಬಲು. ‘ಗುಡ್’, ‘ವೆರಿ ಗುಡ್’ ಅಂತ ಬರೆಯುತ್ತಿದ್ದಾಗ ಆರು ತಿಂಗಳ ಹಿಂದಿನ ಗುಡ್‌ಗೂ ಇವತ್ತಿನ ಗುಡ್‌ಗೂ ಹೊಂದುತ್ತಿರಲಿಲ್ಲ. ಈ ನಾಲ್ಕು ಮಾತಿನಲ್ಲಿ ನನಗೆ ಒಮ್ಮೆಯೂ ಅನುಮಾನ ಬಂದಿಲ್ಲ.

ಹೆಸರಿನ ಜೊತೆಗೆ ಡಿಸ್ಕಿನ ಮೇಲಿನ ಕೋಡನ್ನೂ ಬರೆಯಿರಿ, ಬಿಡಲೇಬೇಡಿ. ನನ್ನ ಸ್ಯಾನ್ ಆಂಡ್ರಿಯಾಸ್ ಎಸ್‌ಎಲ್‌ಇಎಸ್-52541. ಎಸ್‌ಎಲ್‌ಇಎಸ್, ಎಸ್‌ಸಿಇಎಸ್ ಆದರೆ ಯುರೋಪಿನ ಪಾಲ್ (ಅಲ್ಲಿನ ಟಿವಿ ಪದ್ಧತಿ) ಡಿಸ್ಕ್, ಎಸ್‌ಎಲ್‌ಯುಎಸ್ ಆದರೆ ಅಮೆರಿಕದ್ದು. ಹೆಸರು ಹೇಗೆ ಬರೆದರೂ ಕೋಡ್ ಬದಲಾಗುವುದಿಲ್ಲ. ಕೋಡ್ ಕಾಲಂ ಶುರು ಮಾಡಿದ ಮೇಲೆ ಎರಡೆರಡು ಸಲ ಕೊಂಡದ್ದು ಒಂದೂ ಇಲ್ಲ. ನಮ್ಮ ದೇಶದಲ್ಲೇ ತಯಾರಾಗಿ 2009ರಲ್ಲಿ ಬಂದ ‘ಹನುಮಾನ್ ಬಾಯ್ ವಾರಿಯರ್’ ಅನ್ನುವ ಪಿಎಸ್‌ಟು ಆಟ ಕೂಡ ನನ್ನಲ್ಲಿದೆ, ಸರಕು ದರ್ಜೆ. ಯಾರು ಕೇಳಿದರೂ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ನಂಬರನ್ನು ಎಲ್ಲಿ ಬರೆಯಬೇಕು ಅನ್ನುವುದಕ್ಕೇ ಎರಡು ಮಳೆಗಾಲ ಹೋಯಿತು. ಕವರಿಗೆ ಸ್ಟಿಕರ್ ಅಂಟಿಸಿದೆ, ಜುಲೈಯಲ್ಲಿ ಸ್ಟಿಕರ್ ಉದುರಿ ಅಂಟು ಉಳಿಯಿತು. ಜೆಲ್ ಪೆನ್ನಿನಲ್ಲಿ ಬರೆದ ಚೀಟಿ ನೀಲಿ ಮೋಡವಾಯಿತು. ಈಗ ದಪ್ಪ ಕಾಗದದ ಪಟ್ಟಿ, ಅದರ ಮೇಲೆ ಪೆನ್ಸಿಲ್. ಪೆನ್ಸಿಲ್ ಕಲಸುವುದಿಲ್ಲ. ಪಟ್ಟಿಯನ್ನು ಗೇಮಿನ ಡಬ್ಬಿಯೊಳಗೆ ಇಡುತ್ತೇನೆ, ಅಂಟಿಸುವುದಿಲ್ಲ.

ಡಬ್ಬ ಅಂದರೆ ರಬ್ಬರ್ ಸುತ್ತು ಇರುವ ಪ್ಲಾಸ್ಟಿಕ್ಕಿನದು, ಒಂದಕ್ಕೆ 450ರ ಹತ್ತಿರ. ಒಳಗೆ ಕಾಲು ಕಿಲೋದಷ್ಟು ತೇವ ಹೀರುವ ಸಿಲಿಕಾ ಜೆಲ್, ಬಟ್ಟೆ ಚೀಲದಲ್ಲಿ. ಕೋಣೆಯಲ್ಲಿ ತೇವಾಂಶ ಶೇ 90ಕ್ಕೆ ಹೋದಾಗಲೂ ಡಬ್ಬದೊಳಗಿನ ಮೀಟರು 40-45 ತೋರಿಸುತ್ತದೆ. ಮೀಟರು ಡಬ್ಬಕ್ಕೊಂದು ಬೇಕಿಲ್ಲ, ನಾಲ್ಕನ್ನೇ ಸರದಿಯಲ್ಲಿ ಇಡುತ್ತೇನೆ. ಕಿತ್ತಳೆ ಬಣ್ಣದ ಜೆಲ್ಲನ್ನೇ ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಕಿತ್ತಳೆಯದು ತೇವ ಹೀರಿ ಹಸಿರಿಗೆ ತಿರುಗಿದಾಗ ಓವನ್ನಿನಲ್ಲಿ 110-120 ಡಿಗ್ರಿಗೆ ಎರಡು ಗಂಟೆ ಒಣಗಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ಮುಚ್ಚಳದ ರಬ್ಬರಿಗೆ ನಾನು ಸವರುವ ಒಂದು ವಸ್ತು ಇದೆ, ಅರ್ಧ ಕೆಲಸ ಅದರದ್ದೇ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಶಿವಮೊಗ್ಗದಲ್ಲಿ ಮಾಲು ಎಲ್ಲಿ ಸಿಗುತ್ತದೆ ಅನ್ನುವುದನ್ನೂ.

ಇದಕ್ಕೆ ಮೊದಲು ಮಾಡಿ ನೋಡಿದ್ದು ಬೇಕಾದಷ್ಟು. ಸಿಲಿಕಾ ಬದಲು ಹುರಿದ ಅಕ್ಕಿ ಇಟ್ಟೆ, ಮೂರು ವಾರಕ್ಕೆ ಹುಳ ಬಂತು, ಹಿಟ್ಟು ಕ್ಯಾಸೆಟ್ಟಿನ ಪಿನ್‌ಗೆ ಕೂತಿತು. ಬಚ್ಚಲ ಒಲೆಯ ಮೇಲಿನ ಅಟ್ಟ ಸದಾ ಬೆಚ್ಚಗಿರುತ್ತದೆ ಅಂತ ಎರಡು ರಟ್ಟಿನ ಪೆಟ್ಟಿಗೆ ಏರಿಸಿದೆ. ತೇವ ಹೋಯಿತು, ಮಸಿ ಬಂತು. ಗೇಮ್‌ಬಾಯ್ ಕ್ಯಾಸೆಟ್‌ಗಳಿಗೆ ಮಾತ್ರ ಅಮ್ಮನ ಅಪ್ಪೆಮಿಡಿ ಭರಣಿ ಚೆನ್ನಾಗಿ ಹೊಂದಿತು. ಬಿಸಿನೀರಿನಲ್ಲಿ ತೊಳೆದು ನಾಲ್ಕು ದಿನ ಬಿಸಿಲಿಗಿಟ್ಟರೂ ಮಿಡಿಯ ವಾಸನೆ ಬಿಡಲಿಲ್ಲ, ಆದರೂ ಎರಡು ವರ್ಷದಿಂದ ಒಂದು ಪಿನ್ನೂ ಹಸಿರುಗಟ್ಟಿಲ್ಲ.

ಗೇಮ್‌ಬಾಯ್ ಇಟ್ಟುಕೊಂಡವರು ಕ್ಯಾಸೆಟ್ಟಿನೊಳಗಿನ ಬ್ಯಾಟರಿಗೊಂದು ಕಾಲಂ ಹಾಕಿಕೊಳ್ಳಿ. ಪೋಕೆಮಾನ್ ಗೋಲ್ಡ್‌ನಲ್ಲಿ ಸಿಆರ್‌2025 ಇದೆ, ಅದು ಸತ್ತರೆ ಸೇವ್, ಅಂದರೆ ಆಡಿ ಉಳಿಸಿಟ್ಟದ್ದು, ಪೂರ್ತಿ ಹೋಗುತ್ತದೆ. ಪೋಕೆಮಾನ್ ರೂಬಿ, ಸಫೈರ್‌ನ ಸಿಆರ್‌1616 ಸತ್ತರೆ ಆಟದೊಳಗಿನ ಗಡಿಯಾರ ಮಾತ್ರ ನಿಲ್ಲುತ್ತದೆ, ಸೇವ್ ಉಳಿಯುತ್ತದೆ. ನನ್ನ ಗೋಲ್ಡ್‌ನ ಬ್ಯಾಟರಿ ಬದಲಿಸಿದ ದಿನವನ್ನು ಪುಸ್ತಕದಲ್ಲಿ ಕೆಂಪಿನಲ್ಲಿ ಬರೆದಿದ್ದೇನೆ. ಸೇವ್ ಇಡುವ ಮೆಮೊರಿ ಕಾರ್ಡ್‌ಗಳಿಗೂ ಬೇರೆ ನಂಬರು. ಪಿಎಸ್‌ಒನ್ ಕಾರ್ಡಿನಲ್ಲಿ ಹದಿನೈದೇ ಬ್ಲಾಕು, ಯಾವುದರಲ್ಲಿ ಏನಿದೆ ಅಂತ ಬರೆದಿಡದಿದ್ದರೆ ಒಂದು ದಿನ ಅಳಿಸಿಯೇ ಬಿಡುತ್ತೀರಿ. ನಾನು ಅಳಿಸಿದ್ದೇನೆ, ಗ್ರಾನ್ ಟುರಿಸ್ಮೊದ ಇಡೀ ಬೇಸಿಗೆ ರಜೆಯ ಆಟ ಹೋಯಿತು.

ಒಂದರಲ್ಲೇ 64 ಆಟ ಇದೆ ಅನ್ನುವ ‘64 ಇನ್ ಒನ್’ ಕ್ಯಾಸೆಟ್‌ಗಳನ್ನು ಹೇಗೆ ಎಣಿಸುವುದು ಅಂತ ತುಂಬಾ ಜನ ಕೇಳುತ್ತಾರೆ. ವಸ್ತು ಒಂದು, ನಂಬರು ಒಂದು. ಒಂದು ಭಾನುವಾರ ಕೂತು ಅಂಥದ್ದೊಂದನ್ನು ಪೂರ್ತಿ ಆಡಿ ನೋಡಿದೆ. ಬೇರೆ ಬೇರೆ ಆಟ ಅಂತ ಸಿಕ್ಕಿದ್ದು ಇಪ್ಪತ್ತೆರಡೋ ಇಪ್ಪತ್ಮೂರೋ. ಉಳಿದದ್ದೆಲ್ಲ ಅವೇ, ಶುರುವಾಗುವ ಹಂತ ಮಾತ್ರ ಬೇರೆ. ಆ ಪಟ್ಟಿಯನ್ನು ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದೇನೆ. ಅಂಥ ಏಳು ಕ್ಯಾಸೆಟ್ ಆಗಿದೆ, ಇನ್ನು ಹನ್ನೊಂದು ಬಾಕಿ. ಕ್ಯಾಸೆಟ್ 60 ಪಿನ್ನಿನದೋ 72 ಪಿನ್ನಿನದೋ ಅನ್ನುವುದನ್ನೂ ಅಲ್ಲೇ ಗುರುತು ಹಾಕುತ್ತೇನೆ.

ಒಟ್ಟು ಖರ್ಚು ಡಬ್ಬ, ಜೆಲ್, ಮೀಟರು, ಪುಸ್ತಕ ಎಲ್ಲಾ ಸೇರಿ ಒಂಬತ್ತು ಸಾವಿರದ ಒಳಗೆ ಮುಗಿಯಿತು, ಆ ಬೀರುವಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಬೀರುವಿನಲ್ಲಿ ಈಗ ಮದ್ದು ಹೊಡೆಯುವ ಸಾಮಾನು ಇದೆ.

ಉಳಿದಿರುವುದು ಪಿಸಿ ಸಿಡಿಗಳ ಒಂದು ರಾಶಿ, ಎಪ್ಪತ್ತೆಂಬತ್ತು ಇರಬಹುದು. ಅವುಗಳ ಸೀರಿಯಲ್ ಕೀ ಎಲ್ಲಾ ಹಳೇ ನೋಟ್‌ಬುಕ್‌ಗಳಲ್ಲಿ ಚೆದುರಿಹೋಗಿವೆ. ಅಡಿಕೆ ಕೊಯ್ಲು ಶುರುವಾಗುವುದರೊಳಗೆ ಅವಕ್ಕೂ ನಂಬರು ಹಾಕಬೇಕು. ಹದಿನೈದನೇ ಡಬ್ಬ ತಂದಿಟ್ಟಿದ್ದೇನೆ, ಜೆಲ್ ನಿನ್ನೆ ಒಣಗಿಸಿದೆ.