ಕೆಟ್ಟ ಆಲ್ಟರ್ನೇಟರನ್ನು ಕೆಟ್ಟಿದೆ ಎಂದೇ ಬರೆದು ಮಾರಿದ ನನ್ನ ಅನುಭವ

ಹಳೆಯ ಕಾರುಗಳಿಂದ ಬಿಚ್ಚಿದ ಕೆಟ್ಟ ಭಾಗಗಳನ್ನು ತೂಕಕ್ಕೆ ಹಾಕದೆ, ದೋಷ ಇಂಥದ್ದು ಎಂದು ಚೀಟಿ ಕಟ್ಟಿ ಮಾರುವ ಕ್ರಮವನ್ನು ನಾನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಶುರು ಮಾಡಿದಾಗ ಅಕ್ಕಪಕ್ಕದ ಅಂಗಡಿಯವರು ಯಾರೂ ಅದನ್ನು ಒಪ್ಪಲಿಲ್ಲ. "ಕೆಟ್ಟಿದೆ ಅಂತ ನೀವೇ ಹೇಳಿದ ಮೇಲೆ ದುಡ್ಡು ಕೊಡೋರು ಯಾರು ಮಾರಾಯ್ರೆ?" ಎಂದು ಈ ಕಸುಬಿನಲ್ಲಿ ನನಗಿಂತ ಹಿರಿಯರಾದ ಒಬ್ಬರು ಕೇಳಿದ್ದರು. ಈಗ ಅವರೇ ತಮ್ಮಲ್ಲಿ ಬಂದ ರಿಪೇರಿ ಮಾಲನ್ನು, ಅಂದರೆ ಇನ್ನೂ ರಿಪೇರಿ ಆಗಬೇಕಾದ ಕೆಟ್ಟ ಭಾಗಗಳನ್ನು, ನನ್ನ ಅಂಗಡಿಗೆ ಕಳಿಸುತ್ತಾರೆ. ಹಾಗಾಗಿ ಇದನ್ನು ಹೇಗೆ ಮಾಡಿದೆ ಎಂಬುದನ್ನು ಬರೆಯಬಹುದು ಎನಿಸಿತು.

ನಾನು ಹೆಚ್ಚು ಮಾರಿರುವುದು ಸ್ವಿಫ್ಟ್ ಮತ್ತು ಡಿಜೈರ್ ಡೀಸೆಲ್ ಕಾರುಗಳ ಆಲ್ಟರ್ನೇಟರುಗಳನ್ನು, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ, ನಮ್ಮ ಕಡೆ ಈಗಲೂ ಡೈನಮೋ ಎನ್ನುವುದನ್ನು. 2020ರ ಏಪ್ರಿಲಿನಲ್ಲಿ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದಾಗ ಮಾರುತಿಯವರು ಡೀಸೆಲ್ ಕಾರುಗಳನ್ನು ನಿಲ್ಲಿಸಿದರೂ ರಸ್ತೆಯ ಮೇಲಿರುವ ಹಳೆಯ ಗಾಡಿಗಳು ನಿಂತಿಲ್ಲ. ಅವುಗಳಲ್ಲಿ ಬಹುಪಾಲು ಬಾಡಿಗೆಗೆ ಓಡುವಂಥವು. ಅವುಗಳ ಮಾಲೀಕರು ಕಂಪನಿಯ ಹೊಸ ಭಾಗಕ್ಕೆ ಹತ್ತು ಸಾವಿರ ದಾಟಿದ ಬೆಲೆ ಕೊಡಲು ಒಪ್ಪುವುದಿಲ್ಲ. ಆಟೋ ಎಲೆಕ್ಟ್ರಿಷಿಯನ್ ರಿಪೇರಿ ಮಾಡಿ ಸಿದ್ಧವಾಗಿಟ್ಟುಕೊಂಡ ಆಲ್ಟರ್ನೇಟರಿಗೆ ನಾಲ್ಕರಿಂದ ಐದು ಸಾವಿರ ಕೊಡುತ್ತಾರೆ. ಹಾಗೆ ರಿಪೇರಿ ಮಾಡಿಡಲು ಎಲೆಕ್ಟ್ರಿಷಿಯನ್‌ಗೆ ಮೊದಲು ಒಂದು ಕೆಟ್ಟ ಆಲ್ಟರ್ನೇಟರ್ ಬೇಕಲ್ಲವೇ? ನನ್ನ ವ್ಯಾಪಾರವೆಲ್ಲ ನಿಂತಿರುವುದು ಈ ಅಗತ್ಯದ ಮೇಲೆ.

ತೂಕಕ್ಕೆ ಹಾಕಿದರೆ ಒಂದಕ್ಕೆ ಐನೂರು, ಹೆಚ್ಚೆಂದರೆ ಆರುನೂರು ರೂಪಾಯಿ ಸಿಗುತ್ತಿತ್ತು. ನಾನೇ ರಿಪೇರಿ ಮಾಡಿಸಿ, ಆರು ತಿಂಗಳ ಗ್ಯಾರಂಟಿ ಕೊಟ್ಟು ಮಾರುವುದನ್ನೂ ಒಂದು ವರ್ಷದ ಮಟ್ಟಿಗೆ ನಡೆಸಿ ನೋಡಿದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳ ಪ್ಲೇಟ್, ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್, ಎರಡು ಬೇರಿಂಗ್, ಕೂಲಿ ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಖರ್ಚಾಗುತ್ತಿತ್ತು. ಮಾರಿದ್ದರಲ್ಲಿ ಐದಕ್ಕೆ ಒಂದಾದರೂ ವಾಪಸ್ ಬರುತ್ತಿತ್ತು. ವಾಪಸ್ ಬಂದವುಗಳಲ್ಲಿ ಅರ್ಧಕ್ಕರ್ಧ ಗಾಡಿಯ ವೈರಿಂಗ್ ದೋಷದಿಂದಲೋ ಸತ್ತ ಬ್ಯಾಟರಿಯಿಂದಲೋ ಸುಟ್ಟವು. ಆದರೆ ಗ್ಯಾರಂಟಿ ಬರೆದುಕೊಟ್ಟವನು ನಾನಾದ್ದರಿಂದ ನಷ್ಟವೂ ನನ್ನದೇ. ವರ್ಷದ ಕೊನೆಯಲ್ಲಿ ಲೆಕ್ಕ ಹಾಕಿದಾಗ ಒಂದೊಂದರ ಮೇಲೆ ಉಳಿದದ್ದು ಏಳೆಂಟುನೂರು ಮಾತ್ರ. ಇತ್ತ ಏನನ್ನೂ ರಿಪೇರಿ ಮಾಡದೆ, ದೋಷ ಬರೆದು ಮಾರಿದ ಮೊದಲನೆಯ ಆಲ್ಟರ್ನೇಟರಿಗೆ ಸಿಕ್ಕಿದ್ದು ಸಾವಿರದ ಆರುನೂರು ರೂಪಾಯಿ. ಕೊಂಡವರು ಹಣ ಕೊಟ್ಟು, ಮುಂದಿನ ಸಲ ಬಂದರೆ ತಮಗೇ ಮೊದಲು ತಿಳಿಸಬೇಕೆಂದು ಹೇಳಿ ಹೋದರು.

ಗುಟ್ಟು ಇಷ್ಟೇ: ಕೆಟ್ಟ ಭಾಗವನ್ನು ಕೊಳ್ಳುವವರು ಅದರಲ್ಲಿ ಕೆಡದೆ ಉಳಿದಿರುವುದಕ್ಕೆ ಹಣ ಕೊಡುತ್ತಾರೆ. ಆದ್ದರಿಂದ ಯಾವುದು ಹೋಗಿದೆ ಎಂಬುದರ ಜೊತೆಗೆ ಯಾವುದು ಉಳಿದಿದೆ ಎಂಬುದನ್ನೂ ಅಳತೆ ಸಮೇತ ತೋರಿಸಬೇಕು. ಹಿಂದಿನ ಮುಚ್ಚಳ ತೆಗೆದು, ಮಲ್ಟಿಮೀಟರಿನ ಕಡ್ಡಿಗಳನ್ನು ಶಾಫ್ಟಿನ ಮೇಲಿನ ತಾಮ್ರದ ಬಳೆಗಳಾದ ಸ್ಲಿಪ್ ರಿಂಗುಗಳ ಮೇಲಿಟ್ಟು ರೋಟರನ್ನು, ಅಂದರೆ ಒಳಗೆ ತಿರುಗುವ ಸುರುಳಿಯನ್ನು, ಮೊದಲು ನೋಡುತ್ತೇನೆ. ಎರಡೂವರೆಯಿಂದ ಮೂರೂವರೆ ಓಮ್ ಒಳಗೆ ನಿಂತು, ರಿಂಗಿನಿಂದ ಶಾಫ್ಟಿಗೆ ಸಂಪರ್ಕವೇ ತೋರಿಸದಿದ್ದರೆ ರೋಟರ್ ಸರಿಯಿದೆ ಎಂದೇ ಅರ್ಥ, ಮತ್ತು ಮಾಲಿನ ಅರ್ಧ ಬೆಲೆ ಅಲ್ಲಿಯೇ ಖಚಿತವಾಯಿತು. ಆಮೇಲೆ ರಿಂಗಿನ ಮೇಲೆ ಉಗುರು ಎಳೆಯುತ್ತೇನೆ. ಇಂಗಾಲದ ಬ್ರಷ್ ಉಜ್ಜಿ ಬಿದ್ದ ಗೀರಿಗೆ ಉಗುರು ಸಿಕ್ಕಿಕೊಂಡರೆ ರಿಂಗ್ ಬದಲಿಸಬೇಕಾಗುತ್ತದೆ ಎಂದು ಚೀಟಿಯಲ್ಲಿ ಬರೆಯುತ್ತೇನೆ, ಬರೀ ಹೊಳಪು ಹೋಗಿದ್ದರೆ ಅದನ್ನೂ ಹಾಗೆಯೇ ಬರೆಯುತ್ತೇನೆ. ರೋಟರಿನ ಸುತ್ತ ಅಲುಗದೆ ನಿಂತ ತಂತಿ ಸುರುಳಿಯಾದ ಸ್ಟೇಟರಿನ ವಿಷಯದಲ್ಲಿ ಮೀಟರಿಗಿಂತ ಕಣ್ಣು ಮೂಗುಗಳನ್ನೇ ಹೆಚ್ಚು ನಂಬಬೇಕು: ವಾರ್ನಿಷ್ ಒಂದೇ ಬಣ್ಣದಲ್ಲಿದ್ದರೆ ಸರಿ, ಒಂದು ಕಡೆಯ ಸುತ್ತು ಕಪ್ಪಾಗಿ ಕಮರು ವಾಸನೆ ಬರುತ್ತಿದ್ದರೆ ಅದು ರಿವೈಂಡಿಂಗ್ ಮಾಲು, ಅಂದರೆ ತಂತಿಯನ್ನು ಹೊಸದಾಗಿ ಸುತ್ತಿಸಬೇಕಾದದ್ದು. ಡಯೋಡುಗಳನ್ನು ಎರಡೂ ದಿಕ್ಕಿನಲ್ಲಿ ಒಂದೊಂದಾಗಿ ನೋಡಿ, ಹೋಗಿರುವುದರ ಪಕ್ಕದಲ್ಲಿ ಬಿಳಿ ಪೇಂಟಿನ ಚುಕ್ಕೆ ಇಡುತ್ತೇನೆ.

ಇಷ್ಟನ್ನೂ ಮೀಟರಿನ ಅಂಕೆ ಕಾಣುವಂತೆ ಫೋಟೋ ತೆಗೆದು, ಮೈಮೇಲಿನ ಪಾರ್ಟ್ ನಂಬರಿನ ಜೊತೆ ಕಳಿಸುತ್ತೇನೆ. ನಂಬರ್ ಬಹಳ ಮುಖ್ಯ. ಸ್ವಿಫ್ಟ್, ಡಿಜೈರ್ ಡೀಸೆಲಿನಲ್ಲಿರುವ ಫಿಯೆಟ್ ವಿನ್ಯಾಸದ 1.3 ಲೀಟರ್ ಎಂಜಿನ್ನೇ ಇಂಡಿಕಾ ವಿಸ್ಟಾದಲ್ಲಿ, ಮಾಂಜಾದಲ್ಲಿ, ಪುಂಟೋದಲ್ಲಿ, ಲೀನಿಯಾದಲ್ಲಿ ಕೂಡ ಇದೆ. ಎಂಜಿನ್ ಒಂದೇ ಎಂದು ಆಲ್ಟರ್ನೇಟರಿನ ಬೋಲ್ಟ್ ಹಾಕುವ ಕಿವಿಗಳೂ ವೈರ್ ಸಿಕ್ಕಿಸುವ ಕಪ್ಲರೂ ಒಂದೇ ಎಂದುಕೊಂಡು ಮಾರಿದರೆ ಮಾಲು ಮರುದಿನವೇ ಹಿಂದೆ ಬರುತ್ತದೆ.

ಯಾರಿಗೆ ಮಾರಬೇಕು ಎಂಬುದು ಇನ್ನೂ ದೊಡ್ಡ ವಿಷಯ. ಕಾರಿನ ಮಾಲೀಕರಿಗೆ ರಿಪೇರಿ ಮಾಲನ್ನು ನಾನು ಎಂದೂ ಕೊಡುವುದಿಲ್ಲ. ಎಷ್ಟು ಬಿಡಿಸಿ ಹೇಳಿದರೂ ಅವರ ಮನಸ್ಸಿನಲ್ಲಿ ಅದು "ಸ್ವಲ್ಪ ಕೆಲಸ ಇರುವ" ಭಾಗವಾಗಿಯೇ ಉಳಿಯುತ್ತದೆ. ನನ್ನ ಗಿರಾಕಿಗಳು ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತಮುತ್ತ ಇದನ್ನೇ ಕಸುಬು ಮಾಡಿಕೊಂಡ ರಿಪೇರಿಯವರು, ಮತ್ತು ದಾವಣಗೆರೆ, ಹಾಸನಗಳ ಆಟೋ ಎಲೆಕ್ಟ್ರಿಷಿಯನ್‌ಗಳು. ಅವರ ಪ್ರಶ್ನೆಯೇ ಬೇರೆ. "ರೋಟರ್ ಎಷ್ಟು ತೋರಿಸ್ತಿದೆ ಅಣ್ಣ? ಹಿಂದಿನ ಬೇರಿಂಗ್ ಕೂರೋ ಜಾಗ ಸವೆದಿದ್ಯಾ?" ಎಂದು ಕೇಳುತ್ತಾರೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಸಿದ್ಧವಿದ್ದರೆ ಚೌಕಾಸಿ ಅಲ್ಲಿಗೇ ನಿಲ್ಲುತ್ತದೆ. ಬೇರಿಂಗ್ ಜಾಗ ಸವೆಯದ, ಡಯೋಡ್ ಮಾತ್ರ ಹೋದ ಮಾಲಿಗೆ ಈಗ ಸಾವಿರದ ಎಂಟುನೂರರವರೆಗೆ ಬರುತ್ತಿದೆ.

ನಡುವೆ ತೊಳೆದು ಬಣ್ಣ ಹೊಡೆಯುವ ಪ್ರಯೋಗವನ್ನೂ ಮಾಡಿದೆ. ಒಂದೇ ಕಂತಿನಲ್ಲಿ ಬಂದ, ಒಂದೇ ದೋಷದ ಎರಡನ್ನು ತೆಗೆದುಕೊಂಡು, ಒಂದಕ್ಕೆ ಸಿಲ್ವರ್ ಸ್ಪ್ರೇ ಹೊಡೆಸಿ, ಇನ್ನೊಂದನ್ನು ಗ್ರೀಸು ಧೂಳಿನ ಸಮೇತ ಹಾಗೆಯೇ ಇಟ್ಟೆ. ಧೂಳಿನದು ವಾರದೊಳಗೆ ಹೋಯಿತು. ಬಣ್ಣದ್ದನ್ನು ನೋಡಿದವರೆಲ್ಲ ಮೊದಲು ಕೇಳಿದ್ದು ಇದನ್ನು ಯಾರು ಬಿಚ್ಚಿದ್ದರು ಎಂದು. ಕೊನೆಗೆ ಅದು ಮುನ್ನೂರು ಕಡಿಮೆಗೆ ಹೋಯಿತು. ಕಸುಬು ಬಲ್ಲವನಿಗೆ ಉದ್ದದ ಬೋಲ್ಟಿನ ಮೇಲಿನ ಹಳೆಯ ಕೊಳೆಯೇ ಒಳಗನ್ನು ಯಾರೂ ಬಿಚ್ಚಿಲ್ಲ ಎಂಬುದಕ್ಕೆ ಸಾಕ್ಷಿ. ಅದಕ್ಕಾಗಿಯೇ ನಾನು ಪರೀಕ್ಷೆಗೆ ಹಿಂದಿನ ಮುಚ್ಚಳವನ್ನಷ್ಟೇ ತೆಗೆಯುತ್ತೇನೆ, ಆ ಬೋಲ್ಟುಗಳನ್ನು ಮುಟ್ಟುವುದಿಲ್ಲ. ಮುಚ್ಚಳ ತೆಗೆಯದೆಯೇ ರೆಗ್ಯುಲೇಟರ್ ಹೋಗಿದೆಯೋ ಡಯೋಡ್ ಹೋಗಿದೆಯೋ ಎಂದು ತಿಳಿಯುವ ಒಂದು ಉಪಾಯವೂ ನನ್ನಲ್ಲಿದೆ. ಅದು ನನ್ನ ಹೊಟ್ಟೆಪಾಡಿನದಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೋದಲ್ಲೂ ಇದೇ ಕ್ರಮವನ್ನು ಹಿಡಿದೆ. ಶಾಫ್ಟ್ ಸ್ವಲ್ಪ ಅಡ್ಡ ಅಲುಗುವುದು ಆಯಿಲ್ ಇಲ್ಲದಾಗ ಸಹಜ. ಹಿಂದೆ ಮುಂದೆ ಆಡಿದರೆ, ಅಥವಾ ಫ್ಯಾನಿನ ಎಲೆ ಗೋಡೆಗೆ ಉಜ್ಜಿದ ಗೆರೆ ಕಂಡರೆ ಅದರ ಆಯಸ್ಸು ಮುಗಿದಿದೆ. ಆದರೂ ಕೊಳ್ಳುವವರು ಶಾಫ್ಟು, ಫ್ಯಾನು ಇರುವ ಒಳಗಿನ ಕೋರನ್ನು ಹೇಗೂ ಹೊಸದು ಹಾಕುವವರಾದ್ದರಿಂದ ಅವರು ನೋಡುವುದು ಬಿಸಿ ಹೊಗೆ ಹಾಯುವ ಕಡೆಯ ಹೌಸಿಂಗ್ ಬಿರುಕು ಬಿಟ್ಟಿದೆಯೇ ಎಂದು. ಹೌಸಿಂಗಿನ ಒಳಗೆ ಟಾರ್ಚ್ ಬಿಟ್ಟು ತೆಗೆದ ಒಂದು ಫೋಟೋ ಮೂರು ಸಾವಿರದ ಮಾಲನ್ನು ನಾಲ್ಕು ಸಾವಿರಕ್ಕೆ ಏರಿಸಿದ್ದನ್ನು ಕಂಡಿದ್ದೇನೆ.

ವಾಪಸ್ ತಕರಾರು ಈಗ ಬಹಳ ಕಡಿಮೆ. ಬಿಲ್ಲಿನಲ್ಲಿ "ರಿಪೇರಿಗೆ ಇರುವ ಮಾಲು" ಎಂದಷ್ಟೇ ಬರೆದರೆ ಸಾಲದು, "ಮೂರು ಡಯೋಡ್ ಹೋಗಿದೆ, ರೋಟರ್ 2.9 ಓಮ್, ನೋಡಿ ಒಪ್ಪಿ ಕೊಂಡಿದ್ದಾರೆ" ಎಂದು ಬರೆದು ಸಹಿ ಪಡೆಯುತ್ತೇನೆ. ಖರೀದಿದಾರನು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆಮೇಲೆ ಮಾರಿದವನನ್ನು ಹೊಣೆ ಮಾಡಲಾಗದು ಎಂಬ ನಿಯಮ 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದೆ. ದೂರದ ಗಿರಾಕಿಯೊಬ್ಬರು ನಾನು ಕಳಿಸಿದ ಮಾಲನ್ನು ಬದಲಿಸಿ ಬೇರೊಂದನ್ನು ನನ್ನದೆಂದು ವಾಪಸ್ ಕಳಿಸಿದ ಪ್ರಸಂಗ ನಡೆದ ಮೇಲೆ ಪ್ರತಿಯೊಂದರ ಮೇಲೂ ಒಂದು ಗುರುತು ಹಾಕುತ್ತೇನೆ. ಅದು ಎಲ್ಲಿರುತ್ತದೆ ಎಂಬುದು ನನಗೂ ನನ್ನ ಹುಡುಗನಿಗೂ ಮಾತ್ರ ಗೊತ್ತು.

ಏರ್‌ಬ್ಯಾಗ್, ಬ್ರೇಕಿನ ಮಾಸ್ಟರ್ ಸಿಲಿಂಡರ್, ಸ್ಟೀರಿಂಗ್ ರ‍್ಯಾಕ್ ಇವುಗಳನ್ನು ಮಾತ್ರ ಎಷ್ಟೇ ಬೆಲೆ ಹೇಳಿದರೂ ರಿಪೇರಿ ಮಾಲಾಗಿ ಮಾರುವುದಿಲ್ಲ. ಅವುಗಳಲ್ಲಿ ಅರೆಬರೆ ರಿಪೇರಿಯಾದರೆ ಹೋಗುವುದು ಜನರ ಜೀವ. ರೋಟರೂ ಸ್ಟೇಟರೂ ಎರಡೂ ಹೋದ ಆಲ್ಟರ್ನೇಟರುಗಳನ್ನು ಈಗಲೂ ಗುಜರಿಗೇ ಹಾಕುತ್ತೇನೆ. ಆದರೆ ಹಾಗೆ ಇಡಿಯಾಗಿ ಹಾಕುವ ಬದಲು ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಬೇರೆ ಬೇರೆ ಮಾಡಿ ಕೊಟ್ಟರೆ ಒಂದಕ್ಕೆ ಇನ್ನೂರು ರೂಪಾಯಿಯಷ್ಟು ಹೆಚ್ಚು ಬರುತ್ತದೆ, ಪುಲ್ಲಿಯನ್ನು ಬಿಚ್ಚಿಟ್ಟುಕೊಂಡರೆ ಅದೊಂದೇ ಬೇರೆಯಾಗಿ ಮುನ್ನೂರಕ್ಕೆ ಹೋಗುತ್ತದೆ.